ಆರ್ಗನ್ನಿನ ಧ್ವನಿಯನ್ನು ಕಂಪ್ಯೂಟರ್ ಕಾಪಾಡೀತೇ?

2024ರ ಡಿಸೆಂಬರ್ 7ರ ಸಂಜೆ ಪ್ಯಾರಿಸ್ ನಗರದ ನೋತ್ರ್ ದಾಮ್ ಪ್ರಧಾನಾಲಯದ ಬಾಗಿಲುಗಳು ಐದು ವರ್ಷಗಳಿಗೂ ಮೀರಿದ ಮೌನದ ತರುವಾಯ ಮತ್ತೆ ತೆರೆದುಕೊಂಡವು. ಆಗ ಮಹಾಧರ್ಮಾಧ್ಯಕ್ಷ ಲೊರಾಂ ಉಲ್ರಿಕ್ ಅವರು ಅಲ್ಲಿಯ ಮಹಾ ಆರ್ಗನ್ನನ್ನು ಎಂಟು ಬಾರಿ ಸಂಬೋಧಿಸಿ ಎಚ್ಚರಗೊಳ್ಳುವಂತೆ ಕರೆ ನೀಡಿದರು. ಪ್ರತಿ ಕರೆಗೂ ವಾದ್ಯವು ಒಂದೊಂದು ಸ್ವರಮಾಲೆಯಿಂದ ಉತ್ತರವಿತ್ತಿತು. ಜಗತ್ತಿನ ಅನೇಕ ದೇಶಗಳ ಜನರು ದೂರದರ್ಶನದಲ್ಲಿ ಆ ದೃಶ್ಯವನ್ನು ಕಂಡರು. ಆ ಉತ್ತರವು ಕೇಳಿಬರದೆ ಹೋಗುವ ಸಾಧ್ಯತೆಯೂ ಇತ್ತು ಎಂಬುದನ್ನು ಅಂದು ನೆನೆದವರು ಎಷ್ಟು ಮಂದಿಯೋ ನಾವರಿಯೆವು.

2019ರ ಏಪ್ರಿಲ್ 15ರ ಬೆಂಕಿಯಲ್ಲಿ ಆ ಪ್ರಧಾನಾಲಯದ ಓಕ್ ಮರದ ಚಾವಣಿ ಸುಟ್ಟುಹೋಯಿತು, ಗೋಪುರದ ಶಿಖರ ಕುಸಿದುಬಿತ್ತು. ಪಶ್ಚಿಮದ ಗೋಡೆಗೆ ಹೊಂದಿಕೊಂಡು ಎತ್ತರದಲ್ಲಿ ನಿಂತಿದ್ದ, ಐದು ಕೀಲಿಮಣೆಗಳೂ ಸುಮಾರು 8,000 ಕೊಳವೆಗಳೂ ಉಳ್ಳ ಆರ್ಗನ್ ಮಾತ್ರ ಸುಡಲಿಲ್ಲ. ಆದರೆ ಚಾವಣಿಯ ಸೀಸವು ಕರಗಿ ಧೂಳಾಗಿ ಅದರ ಒಳಹೊರಗನ್ನೆಲ್ಲ ಆವರಿಸಿತು. 2020ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಅದನ್ನು ಬಿಡಿಬಿಡಿಯಾಗಿ ಕಳಚಿದರು. ಕಾರ್ಯಾಗಾರಗಳಲ್ಲಿ ಶುಚಿಗೊಳಿಸಿ, 2023ರಲ್ಲಿ ಮತ್ತೆ ಜೋಡಿಸಲಾರಂಭಿಸಿ, 2024ರಲ್ಲಿ ಕೊಳವೆ ಕೊಳವೆಯಾಗಿ ಶ್ರುತಿಗೊಳಿಸಿದರು. ಹಗಲಿನಲ್ಲಿ ಕಟ್ಟಡ ಕಾರ್ಮಿಕರ ಸದ್ದು ಇದ್ದುದರಿಂದ ಈ ಕೊನೆಯ ಕೆಲಸಕ್ಕೆ ರಾತ್ರಿಯ ನಿಶ್ಶಬ್ದವನ್ನೇ ಆಶ್ರಯಿಸಬೇಕಾಯಿತು.

ನೋತ್ರ್ ದಾಮಿಗೆ ಒಲಿದ ಅದೃಷ್ಟ ನಾಂತ್ ನಗರದ ಪ್ರಧಾನಾಲಯಕ್ಕೆ ಒಲಿಯಲಿಲ್ಲ. 2020ರ ಜುಲೈ 18ರ ಮುಂಜಾನೆ ಅಲ್ಲಿ ಹೊತ್ತಿದ ಬೆಂಕಿ ನೇರವಾಗಿ ಆರ್ಗನ್ನನ್ನೇ ನುಂಗಿತು. 1621ರಷ್ಟು ಹಿಂದೆ ಹುಟ್ಟಿ, ಫ್ರೆಂಚ್ ಮಹಾಕ್ರಾಂತಿಯನ್ನೂ ಎರಡನೆಯ ಮಹಾಯುದ್ಧದ ಬಾಂಬುಗಳನ್ನೂ 1972ರ ಮತ್ತೊಂದು ಬೆಂಕಿಯನ್ನೂ ದಾಟಿ ಉಳಿದಿದ್ದ ವಾದ್ಯವು ಒಂದೇ ಬೆಳಗಿನಲ್ಲಿ ಇಲ್ಲವಾಯಿತು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಪುರಾತನ ವಾದ್ಯವೊಂದು ನಾಶವಾದರೂ ಅದರ ಧ್ವನಿಯನ್ನಾದರೂ ಉಳಿಸಿಕೊಳ್ಳಲು ಸಾಧ್ಯವೇ? ಸಾಧ್ಯವೆಂದು ಇಂದಿನ ತಂತ್ರಜ್ಞರು ಹೇಳುತ್ತಿದ್ದಾರೆ. ಅವರ ಮಾತಿನಲ್ಲಿ ಎಷ್ಟು ಸತ್ಯವಿದೆ, ಆ ಸತ್ಯದಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಈ ವಾರ ವಿಚಾರಿಸೋಣ.

ಹಾಡು ಬೇರೆ, ವಾದ್ಯ ಬೇರೆ

ಧ್ವನಿಮುದ್ರಣ ಎಂಬುದು ನೂರು ವರ್ಷಗಳಿಗೂ ಹಳೆಯ ವಿದ್ಯೆಯಲ್ಲವೇ, ಹೊಸತೇನು ಬಂತು ಎಂದು ಕೆಲವರು ಕೇಳಬಹುದು. ಇಲ್ಲಿ ಒಂದು ಭೇದವನ್ನು ಗುರುತಿಸಬೇಕಾಗಿದೆ. ನಮ್ಮ ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಬಲ್ಲವರಾಗಿದ್ದರು. 1940ರ ದಶಕದ ಕೊನೆಯ ವರ್ಷಗಳಲ್ಲಿ, ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರು ತಮ್ಮ ಕೃತಿಗಳನ್ನು ತಾವೇ ಪಿಯಾನೋದಲ್ಲಿ ನುಡಿಸಿ ಮುದ್ರಿಸಲು ಬೇಕಾದ ಹಣವನ್ನು ಒಡೆಯರೇ ಒದಗಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ತಟ್ಟೆಗಳಿರುವುದರಿಂದ ಅವರ ಬೆರಳಿನ ನುಡಿಸುವಿಕೆ ಇಂದಿಗೂ ಕೇಳಸಿಗುತ್ತದೆ. ಕನ್ನಡ ನಾಡಿನ ಅರಸರೊಬ್ಬರು ಜಗತ್ತಿನ ಸಂಗೀತಕ್ಕೆ ಮಾಡಿದ ಈ ಉಪಕಾರ ಸಣ್ಣದಲ್ಲ.

ಆದರೆ ಆ ತಟ್ಟೆಗಳು ಉಳಿಸಿರುವುದು ಒಬ್ಬ ಕಲಾವಿದನ ವಾದನವನ್ನು. ಅವರು ನುಡಿಸದ ಕೃತಿಯೊಂದನ್ನು ಅದೇ ಪಿಯಾನೋದಲ್ಲಿ ಕೇಳಬೇಕೆಂದರೆ ತಟ್ಟೆ ನಿರುಪಾಯವಾಗುತ್ತದೆ. ಈಗ ನಡೆದಿರುವ ಯತ್ನದ ಗುರಿ ಬೇರೆಯದು. ಅದು ವಾದ್ಯವನ್ನೇ ಉಳಿಸಲು ಹೊರಟಿದೆ. ಅಂದರೆ ಮುಂದೆ ಹುಟ್ಟಲಿರುವ ವಾದಕನೊಬ್ಬನು ತನಗೆ ಬೇಕಾದ ಯಾವ ರಾಗವನ್ನಾದರೂ ಆ ವಾದ್ಯದ ಧ್ವನಿಯಲ್ಲಿಯೇ ನುಡಿಸುವಂತಾಗಬೇಕು ಎಂಬುದು ಅದರ ಆಶಯ.

ಈ ಕಾರ್ಯ ನಡೆಯುವ ಬಗೆಯನ್ನು ಅರಿಯಲು ಆರ್ಗನ್ನಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು. ಅದು ಕೀಲಿಮಣೆಯಿಂದ ನುಡಿಸುವ ವಾದ್ಯವಾದರೂ ಸ್ವಭಾವದಲ್ಲಿ ಕೊಳಲುಗಳ ಸಮೂಹ. ತಿದಿಗಳು ಗಾಳಿಯನ್ನು ತುಂಬಿಕೊಡುತ್ತವೆ. ಕೀಲಿಯನ್ನು ಒತ್ತಿದಾಗ ಕವಾಟ ತೆರೆದು ಆಯಾ ಕೊಳವೆಗೆ ಗಾಳಿ ನುಗ್ಗುತ್ತದೆ. ಒಂದೇ ಬಗೆಯ ನಾದವುಳ್ಳ ಕೊಳವೆಗಳ ಸಾಲಿಗೆ ಸ್ಟಾಪ್ ಎಂದು ಹೆಸರು. ನೋತ್ರ್ ದಾಮಿನಲ್ಲಿ ಅಂಥ 115 ಸಾಲುಗಳಿವೆ. ಕೊಳವೆಯ ಲೋಹ, ಉದ್ದ, ಬಾಯಿಯ ಕೊರೆತ, ಗಾಳಿಯ ಒತ್ತಡ ಇವೆಲ್ಲವೂ ಕೈಕೆಲಸಗಾರನ ಕಿವಿಗೆ ಒಪ್ಪುವಂತೆ, ಆಯಾ ಕಟ್ಟಡದ ಕಲ್ಲು ಕಮಾನುಗಳಿಗೆ ಹೊಂದುವಂತೆ ರೂಪುಗೊಂಡಿರುತ್ತವೆ. ಆದಕಾರಣ ಒಂದರಂತೆ ಮತ್ತೊಂದು ಆರ್ಗನ್ ಇರುವುದಿಲ್ಲ. ಒಂದು ಸುಟ್ಟರೆ ಅದರ ಧ್ವನಿಯನ್ನು ಬೇರೊಂದರಿಂದ ಎರವಲು ತರಲಾಗದು.

ಕೊಳವೆಯೊಂದಕ್ಕೆ ಒಂದು ಸ್ವರ

ತಂತ್ರಜ್ಞರು ಅನುಸರಿಸುವ ಮೊದಲನೆಯ ಮಾರ್ಗ ಬಹು ತಾಳ್ಮೆಯದು. ಊರು ನಿದ್ರಿಸಿರುವ ವೇಳೆಯಲ್ಲಿ ದೇವಾಲಯದೊಳಗೆ ಮೈಕುಗಳನ್ನು ನಿಲ್ಲಿಸಿ, ಒಂದು ಸಾಲಿನ ಒಂದೊಂದು ಕೀಲಿಯನ್ನೂ ಪ್ರತ್ಯೇಕವಾಗಿ ಒತ್ತಿ, ಸ್ವರ ಹುಟ್ಟುವ ಕ್ಷಣದಿಂದ ಅದರ ಅನುರಣನ ಪೂರ್ತಿಯಾಗಿ ಅಡಗುವವರೆಗೆ ಮುದ್ರಿಸಿಕೊಳ್ಳುತ್ತಾರೆ. ಕೀಲಿಯನ್ನು ಬೇಗ ಬಿಟ್ಟರೆ ಕಟ್ಟಡವು ಕೊಡುವ ಪ್ರತಿಧ್ವನಿ ಒಂದು ರೀತಿಯದು, ತಡೆದು ಬಿಟ್ಟರೆ ಮತ್ತೊಂದು ರೀತಿಯದು. ಆದುದರಿಂದ ಒಂದೇ ಕೊಳವೆಯನ್ನು ಎರಡು ಮೂರು ಬಾರಿ ನುಡಿಸಬೇಕಾಗುತ್ತದೆ. ಬಳಿಕ ಗಾಳಿಯಂತ್ರದ ಗುಂಯ್‌ಗುಡುವಿಕೆಯನ್ನು ಸೋಸಿ ತೆಗೆದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸುತ್ತಾರೆ. ಅದಕ್ಕೆ ಕೀಲಿಮಣೆಯೊಂದನ್ನು ತಗುಲಿಸಿದರೆ, ಒತ್ತಿದ ಕೀಲಿಗೆ ತಕ್ಕ ಕೊಳವೆಯ ಸ್ವರ ಹೊರಡುತ್ತದೆ.

ಇದರ ಶ್ರಮ ಎಷ್ಟೆಂದು ಸಣ್ಣ ಲೆಕ್ಕವೊಂದರಿಂದ ಊಹಿಸಬಹುದು. 40 ಸಾಲುಗಳ ಸಾಧಾರಣ ಆರ್ಗನ್ನೊಂದರಲ್ಲಿ ಸಾಲಿಗೆ 56 ಕೊಳವೆಗಳಂತೆ 2,240 ಕೊಳವೆಗಳು ಇವೆ ಎಂದಿಟ್ಟುಕೊಳ್ಳೋಣ. ಮೂರು ಬಾರಿಯಂತೆ 6,720 ಸಲ ಕೀಲಿ ಒತ್ತಬೇಕು. ಪ್ರತಿ ಸಲಕ್ಕೆ ಹತ್ತೇ ಸೆಕೆಂಡು ಹಿಡಿದರೂ ಎಡೆಬಿಡದೆ 18 ಗಂಟೆಗಳಿಗೂ ಮೀರಿದ ಮುದ್ರಣವಾಯಿತು. ದಾರಿಯಲ್ಲಿ ಲಾರಿಯೊಂದು ಹಾದುಹೋದರೂ ಆ ಸ್ವರವನ್ನು ಮತ್ತೆ ಮುದ್ರಿಸಬೇಕಾದೀತು. ಹೀಗಾಗಿ ನಿಜದಲ್ಲಿ ಈ ಕೆಲಸ ಅನೇಕ ರಾತ್ರಿಗಳನ್ನು ಬೇಡುತ್ತದೆ. ಅಷ್ಟಾಗಿಯೂ ಯೂರೋಪಿನ ಹಲವು ಆರ್ಗನ್‌ಗಳು ಈ ರೀತಿ ಸಂಗ್ರಹಗೊಂಡಿವೆ. ನೋತ್ರ್ ದಾಮಿನ ಆರ್ಗನ್ನನ್ನು 1868ರಲ್ಲಿ ಪುನಾರಚಿಸಿದ ಅರಿಸ್ತೀದ್ ಕವಾಯೆ-ಕೋಲ್ ಅವರೇ 1885ರಲ್ಲಿ ಕಾನ್ ನಗರದ ಸಂತ ಸ್ತೆಫಾನರ ಮಠಾಲಯಕ್ಕೆ ನಿರ್ಮಿಸಿಕೊಟ್ಟ ವಾದ್ಯವು ಅವುಗಳಲ್ಲಿ ಒಂದು.

ಎರಡನೆಯ ಮಾರ್ಗದಲ್ಲಿ ಸ್ವರಗಳನ್ನು ಕೂಡಿಡುವುದಿಲ್ಲ. ತಂತಿ, ಸುತ್ತಿಗೆ, ಹಲಗೆ, ಗಾಳಿ ಇವು ಹೇಗೆ ಕಂಪಿಸುತ್ತವೆ ಎಂಬುದನ್ನು ಗಣಿತದ ಸೂತ್ರಗಳಲ್ಲಿ ಬರೆದು, ಕಂಪ್ಯೂಟರು ಆ ಕ್ಷಣದಲ್ಲಿಯೇ ನಾದವನ್ನು ಹುಟ್ಟಿಸುವಂತೆ ಮಾಡುತ್ತಾರೆ. ವಸ್ತುಸಂಗ್ರಹಾಲಯಗಳಲ್ಲಿರುವ ಅತಿ ಸೂಕ್ಷ್ಮವಾದ ಪಿಯಾನೋಗಳಿಗೆ ಈ ಕ್ರಮ ಒಪ್ಪುತ್ತದೆ. ಪಿಯಾನೋವನ್ನು ಕಂಡುಹಿಡಿದ ಇಟಲಿಯ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಕೈಯಾರೆ ಮಾಡಿದ ಪಿಯಾನೋಗಳಲ್ಲಿ ಇಂದು ಉಳಿದಿರುವುದು ಮೂರೇ. 1720ರದು ನ್ಯೂಯಾರ್ಕಿನಲ್ಲಿದೆ, 1722ರದು ರೋಮಿನಲ್ಲಿದೆ, 1726ರದು ಲೈಪ್‌ಜಿಗ್‌ನಲ್ಲಿದೆ. ಇಂಥವನ್ನು ನುಡಿಸಿದಷ್ಟೂ ಸವೆತ, ನುಡಿಸದಿದ್ದರೆ ಮೌನ. ಈ ಇಕ್ಕಟ್ಟಿನಿಂದ ಪಾರಾಗಲು ಗಣಿತವು ಒಂದು ದಾರಿಯನ್ನು ತೋರಿಸುತ್ತಿದೆ.

ಕಟ್ಟಡವೂ ವಾದ್ಯದ ಭಾಗ

ನೋತ್ರ್ ದಾಮಿನೊಳಗೆ ಸ್ವರವೊಂದು ನಿಂತ ಬಳಿಕವೂ ಸುಮಾರು ಆರು ಸೆಕೆಂಡುಗಳ ಕಾಲ ಅದರ ಅನುರಣನ ತೇಲುತ್ತಿರುತ್ತದೆ. ಆ ಅನುರಣನವಿಲ್ಲದ ಆರ್ಗನ್ ಅರ್ಧ ಆರ್ಗನ್ ಮಾತ್ರ. ಇದನ್ನು ಅರಿತಿದ್ದ ಬ್ರಯಾನ್ ಕ್ಯಾಟ್ಜ್ ಎಂಬ ವಿಜ್ಞಾನಿ ಮತ್ತು ಅವರ ತಂಡದವರು 2013ರಲ್ಲಿ, ಪ್ರಧಾನಾಲಯದ 850ನೆಯ ವರ್ಷಾಚರಣೆಯ ಸಂದರ್ಭದಲ್ಲಿ, ಅದರ ಒಳಗಿನ ಧ್ವನಿಗುಣವನ್ನು ವಿವಿಧ ಸ್ಥಳಗಳಿಂದ ಅಳೆದು ದಾಖಲಿಸಿದ್ದರು. ಅದಕ್ಕೂ ಮೊದಲು ಆಂಡ್ರೂ ಟ್ಯಾಲನ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಲೇಸರ್ ಕಿರಣದಿಂದ ಕಟ್ಟಡದ ಕಲ್ಲುಕಲ್ಲನ್ನೂ ಅಳೆದಿಟ್ಟಿದ್ದರು. ಬೆಂಕಿ ಬಿದ್ದಾಗ ಈ ಎರಡೂ ದಾಖಲೆಗಳು ದೊಡ್ಡ ಆಸ್ತಿಯಾದವು. ಮರುನಿರ್ಮಾಣಗೊಂಡ ಕಟ್ಟಡದ ಧ್ವನಿಯನ್ನು ಹಿಂದಿನದರೊಡನೆ ಹೋಲಿಸಿ ನೋಡಲು ಕ್ಯಾಟ್ಜ್ ತಂಡದ ಅಳತೆಗಳೇ ಆಧಾರ. ಟ್ಯಾಲನ್ ಅವರು 2018ರ ನವೆಂಬರ್‌ನಲ್ಲಿಯೇ ನಿಧನರಾಗಿದ್ದರು. ತಮ್ಮ ಪರಿಶ್ರಮದ ಬೆಲೆಯನ್ನು ಜಗತ್ತು ಅರಿಯುವುದನ್ನು ನೋಡಲು ಅವರು ಉಳಿಯಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ದಾಖಲೆಗಳಾವುವೂ ಬೆಂಕಿಯ ಭಯದಿಂದ ಮಾಡಿದವಲ್ಲ. ತಿಳಿಯುವ ಆಸೆಯಿಂದಲೂ ಪ್ರೀತಿಯಿಂದಲೂ ಮಾಡಿದವು. ವಿಪತ್ತು ಬಂದ ಮೇಲೆ ದಾಖಲೆ ಮಾಡಹೊರಟವನಿಗೆ ದಾಖಲಿಸಲು ಏನೂ ಉಳಿದಿರುವುದಿಲ್ಲ.

ಪ್ರತಿಯೇ ಮೂಲವಾಗಲಾರದು

ಹಾಗಾದರೆ ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸಿ ನಿಶ್ಚಿಂತರಾಗಬಹುದೇ? ಆಗದು ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಮೂರು ಕಾರಣಗಳನ್ನು ಕೊಡುತ್ತೇವೆ.

ಮೊದಲನೆಯದಾಗಿ, ಸಂಗ್ರಹಿಸಿದ ಧ್ವನಿ ಒಂದು ದಿನದ ಧ್ವನಿ. ನಿಜವಾದ ಆರ್ಗನ್ ಬೇಸಗೆಯಲ್ಲಿ ಒಂದು ಶ್ರುತಿಯಲ್ಲಿರುತ್ತದೆ, ಚಳಿಗಾಲದಲ್ಲಿ ಇನ್ನೊಂದರಲ್ಲಿ. ಗಾಳಿ ಬಿಸಿಯಾದಂತೆ ಕೊಳವೆಯ ಸ್ವರ ಏರುತ್ತದೆ. ಹಲವು ಕೊಳವೆಗಳು ಒಟ್ಟಿಗೆ ಗಾಳಿಯನ್ನು ಸೆಳೆದಾಗ ತಿದಿ ಸ್ವಲ್ಪ ಬಳಲುತ್ತದೆ, ನಾದವು ಉಸಿರಾಡುವಂತೆ ತೋರುತ್ತದೆ. ಬಿಡಿಬಿಡಿಯಾಗಿ ಮುದ್ರಿಸಿದ ಸ್ವರಗಳನ್ನು ಕೂಡಿಸಿದಾಗ ಈ ಉಸಿರು ತಾನಾಗಿ ಬರುವುದಿಲ್ಲ. ಅದನ್ನು ಲೆಕ್ಕಾಚಾರದಿಂದ ಅನುಕರಿಸಬೇಕಾಗುತ್ತದೆ. ಅನುಕರಣೆ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ನಮ್ಮ ಕಿವಿಗೆ ತಲುಪುವುದು ಧ್ವನಿವರ್ಧಕದ ಮೂಲಕವೇ.

ಎರಡನೆಯದಾಗಿ, ಕಾಪಾಡುವವನಿಗಿಂತ ಕಾಪಾಡಲ್ಪಡುವುದೇ ಗಟ್ಟಿಮುಟ್ಟಾಗಿದೆ. ನೋತ್ರ್ ದಾಮಿನ ಆರ್ಗನ್ನಿನಲ್ಲಿ 18ನೆಯ ಶತಮಾನದ ಕೊಳವೆಗಳು ಇಂದಿಗೂ ಹಾಡುತ್ತಿವೆ. 1992ರಲ್ಲಿ ಅದೇ ವಾದ್ಯಕ್ಕೆ ಕಂಪ್ಯೂಟರಿನ ನಿಯಂತ್ರಣವನ್ನು ಅಳವಡಿಸಿ ಹೊಸ ಕೀಲಿಮಣೆಯ ಪೀಠವನ್ನು ಕಟ್ಟಿದರು. 2012ರಿಂದ 2014ರ ಅವಧಿಯ ದುರಸ್ತಿಯಲ್ಲಿ ಆ ವ್ಯವಸ್ಥೆಯನ್ನು ನವೀಕರಿಸಿ, ಪೀಠವನ್ನೂ ಮತ್ತೊಮ್ಮೆ ಹೊಸದಾಗಿ ಕಟ್ಟಬೇಕಾಯಿತು. ತವರ ಸೀಸಗಳ ಕೊಳವೆ ಎರಡು ಶತಮಾನಕ್ಕೂ ಮೀರಿ ಬಾಳಿತು. ವಿದ್ಯುನ್ಮಾನದ ಬಾಳು ಕಾಲು ಶತಮಾನವನ್ನೂ ಕಾಣಲಿಲ್ಲ. ಫ್ಲಾಪಿ ಡಿಸ್ಕಿನಲ್ಲಿ ಬರೆದಿಟ್ಟ ಲೆಕ್ಕಪತ್ರಗಳನ್ನು ಇಂದು ತೆರೆಯಲು ಹೆಣಗುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಡಿಜಿಟಲ್ ದಾಖಲೆ ಒಮ್ಮೆ ಮಾಡಿ ಬೀರುವಿನಲ್ಲಿಡುವ ವಸ್ತುವಲ್ಲ. ನಂದಾದೀಪಕ್ಕೆ ಎಣ್ಣೆ ಎರೆಯುವಂತೆ ಆಗಾಗ ಹೊಸ ಸಾಧನಕ್ಕೆ ನಕಲು ಮಾಡುತ್ತಲೇ ಇರಬೇಕು.

ಮೂರನೆಯ ಕಾರಣ ಮನುಷ್ಯ ಸ್ವಭಾವದ್ದು. ಒಳ್ಳೆಯ ಪ್ರತಿ ಕೈಯಲ್ಲಿದ್ದಾಗ ಮೂಲವನ್ನು ಅಲಕ್ಷಿಸುವ ಪ್ರಲೋಭನೆ ಬಲವಾಗುತ್ತದೆ. ನ್ಯೂಯಾರ್ಕಿನ ವಾಲ್ ಸ್ಟ್ರೀಟ್‌ನಲ್ಲಿರುವ ಟ್ರಿನಿಟಿ ಎಂಬ ಎಪಿಸ್ಕೋಪಲ್ ಸಭೆಯ ದೇವಾಲಯದ ಕಥೆ ಇಲ್ಲಿ ಉಲ್ಲೇಖನೀಯ. 2001ರ ಸೆಪ್ಟೆಂಬರ್ 11ರಂದು ಕುಸಿದ ಅವಳಿ ಗೋಪುರಗಳ ಧೂಳು ಅಲ್ಲಿಯ ಕೊಳವೆ ಆರ್ಗನ್ನನ್ನು ಕೆಡಿಸಿತು. 2003ರಲ್ಲಿ ಅದರ ಬದಲಿಗೆ, ಮುದ್ರಿತ ಸ್ವರಗಳಿಂದ ನುಡಿಯುವ ಡಿಜಿಟಲ್ ಆರ್ಗನ್ನೊಂದನ್ನು ಸ್ಥಾಪಿಸಿದರು. ಇನ್ನು ಕೊಳವೆಗಳ ಕಾಲ ಮುಗಿಯಿತೆಂದು ಭಾವಿಸಿದವರೂ ಇದ್ದರು. ಆದರೆ ಕೆಲವು ವರ್ಷಗಳು ಕಳೆದ ಮೇಲೆ ಅದೇ ದೇವಾಲಯವು ಮತ್ತೆ ಕೊಳವೆ ಆರ್ಗನ್ನನ್ನೇ ಕಟ್ಟಿಸಲು ನಿರ್ಧರಿಸಿತು. ಡಿಜಿಟಲ್ ವಾದ್ಯವು ಆಪತ್ಕಾಲದಲ್ಲಿ ಆರಾಧನೆಯನ್ನು ನಡೆಸಿಕೊಟ್ಟಿತು. ಅದರ ಸೇವೆ ಕಡಿಮೆಯದಲ್ಲ. ಆದರೂ ಅದು ಕೊನೆಯ ಮಾತಾಗಲಿಲ್ಲ.

ಇದಕ್ಕೆ ಪ್ರತಿಯಾಗಿ ಏಷ್ಯಾದಲ್ಲಿಯೇ ಇರುವ ಒಂದು ಸ್ಫೂರ್ತಿದಾಯಕ ನಿದರ್ಶನವನ್ನು ನೋಡಬಹುದು. ಫಿಲಿಪ್ಪೀನ್ಸ್ ದೇಶದ ಲಾಸ್ ಪಿನ್ಯಾಸ್ ಎಂಬಲ್ಲಿ ಡಿಯೆಗೊ ಸೆರಾ ಎಂಬ ಧರ್ಮಗುರುಗಳು 1824ರಲ್ಲಿ ಪೂರೈಸಿದ ಆರ್ಗನ್ನಿನ 1,031 ಕೊಳವೆಗಳಲ್ಲಿ 902 ಬಿದಿರಿನವು. ಭೂಕಂಪ, ಬಿರುಗಾಳಿಗಳಿಗೆ ಸಿಕ್ಕಿ ಜೀರ್ಣವಾಗಿದ್ದ ಅದನ್ನು ಅಲ್ಲಿಯ ಜನರು 1973ರಲ್ಲಿ ಜರ್ಮನಿಯ ಬಾನ್ ನಗರಕ್ಕೆ ಕಳುಹಿಸಿ, ದುರಸ್ತಿಗೊಳಿಸಿ, 1975ರಲ್ಲಿ ಮರಳಿ ತಂದರು. ಬಡ ದೇಶದ ಧರ್ಮಕೇಂದ್ರವೊಂದು ತನ್ನ ಬಿದಿರಿನ ವಾದ್ಯವನ್ನು ಸಾಗರದಾಚೆಗೆ ಕಳುಹಿಸಿ ಬದುಕಿಸಿಕೊಂಡ ಈ ಸಂಗತಿ, ಮನಸ್ಸಿದ್ದರೆ ಮಾರ್ಗವುಂಟು ಎಂಬ ನಮ್ಮ ಹಿರಿಯರ ಮಾತನ್ನು ನೆನಪಿಸುತ್ತದೆ.

ಧ್ವನಿಯ ಒಡೆಯರು ಯಾರು?

ಮತ್ತೊಂದು ಪ್ರಶ್ನೆಯೂ ಇದೆ. ಪುರಾತನ ಆರ್ಗನ್‌ಗಳ ಸ್ವರಸಂಗ್ರಹಗಳು ಇಂದು ಹಣಕ್ಕೆ ಮಾರಾಟವಾಗುವ ಸರಕುಗಳೂ ಆಗಿವೆ. ಮುದ್ರಿಸಿದವನ ಶ್ರಮಕ್ಕೆ ಪ್ರತಿಫಲ ಸಲ್ಲಬೇಕಾದುದು ನ್ಯಾಯವೇ. ಆದರೆ ತಲೆಮಾರುಗಳ ಭಕ್ತರ ಕಾಣಿಕೆಯಿಂದ ಕಟ್ಟಿದ ವಾದ್ಯದ ಧ್ವನಿಯಲ್ಲಿ ಆ ಭಕ್ತ ಸಮೂಹಕ್ಕೂ ಪಾಲಿರಬೇಕಲ್ಲವೇ? ಮುದ್ರಣಕ್ಕೆ ಅನುಮತಿ ನೀಡುವಾಗ ಮೂರು ಕರಾರುಗಳನ್ನು ಕಾಗದದ ಮೇಲೆ ಬರೆಸಿಕೊಳ್ಳುವುದು ಲೇಸು. ಒಂದು ಪೂರ್ಣ ಪ್ರತಿ ದೇವಾಲಯದಲ್ಲಿ ಉಳಿಯಬೇಕು. ಮಾರಾಟದ ಒಂದು ಭಾಗ ಮೂಲ ವಾದ್ಯದ ದುರಸ್ತಿಗೆ ಸಲ್ಲಬೇಕು. ಸಂಸ್ಥೆ ಮುಚ್ಚಿಹೋದರೂ ತೆರೆಯಬಲ್ಲ ಸಾಮಾನ್ಯ ರೂಪದಲ್ಲಿ ಆ ಧ್ವನಿಗಳಿರಬೇಕು.

ನಮ್ಮ ಅಟ್ಟದ ಮೇಲಿರುವುದು

ಇದೆಲ್ಲ ಯೂರೋಪಿನ ಶ್ರೀಮಂತ ಪ್ರಧಾನಾಲಯಗಳ ಚಿಂತೆ, ನಮಗೇನು ಎಂದು ಕೆಲವರು ಭಾವಿಸಬಹುದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ದೈವಾರಾಧನೆಯ ಕುರಿತು ಹೊರಡಿಸಿದ ಪ್ರಮಾಣಪತ್ರವು ಕೊಳವೆ ಆರ್ಗನ್ನಿಗೆ ವಿಶೇಷ ಗೌರವವನ್ನು ಕೊಟ್ಟಿತು. ಆದರೂ ಆಯಾ ನಾಡಿಗೆ ಒಪ್ಪುವ ಇತರ ವಾದ್ಯಗಳಿಗೂ ಅದು ಬಾಗಿಲು ತೆರೆದಿಟ್ಟಿತು. ನಮ್ಮ ನಾಡಿನ ಬಹುಪಾಲು ದೇವಾಲಯಗಳಲ್ಲಿ ಆರ್ಗನ್ನಿನ ಸ್ಥಾನವನ್ನು ತುಂಬಿದ್ದು ಹಾರ್ಮೋನಿಯಂ. ಅದೂ ಪ್ಯಾರಿಸಿನ ಕೂಸೇ. 1842ರಲ್ಲಿ ಅಲೆಕ್ಸಾಂದ್ರ್ ದೆಬಾಂ ಎಂಬವರು ಅಲ್ಲಿಯೇ ಅದರ ಹಕ್ಕುಪತ್ರ ಪಡೆದರು. ಕಾಲಿನಿಂದ ತಿದಿ ಒತ್ತುವ ಆ ವಾದ್ಯವು ಭಾರತಕ್ಕೆ ಬಂದು ಕೈತಿದಿಯ ಪೆಟ್ಟಿಗೆಯಾಗಿ ಮಾರ್ಪಟ್ಟು, ನಮ್ಮ ಭಜನೆಗೂ ನಾಟಕಕ್ಕೂ ಬಲಿಪೂಜೆಗೂ ಒಗ್ಗಿಕೊಂಡಿತು. ಪ್ಯಾರಿಸ್ ರೀಡು, ಜರ್ಮನ್ ರೀಡು ಎಂದು ಬಲ್ಲವರು ಇಂದಿಗೂ ಹೆಸರಿಟ್ಟು ಹೊಗಳುವ ಹಳೆಯ ರೀಡುಗಳ ನಾದವೇ ಬೇರೆ.

ಈಗ ಬಹುಮಟ್ಟಿಗೆ ಎಲ್ಲೆಡೆ ವಿದ್ಯುತ್ ಕೀಬೋರ್ಡ್ ಬಂದು ನಿಂತಿದೆ. ಅದು ಹಗುರ, ಶ್ರುತಿ ತಪ್ಪದು, ಅದನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಹಳೆಯ ಕಾಲುತಿದಿಯ ಹಾರ್ಮೋನಿಯಂ ಗಾಯನವೃಂದದ ಅಟ್ಟದ ಮೂಲೆಯಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದರೆ, ಅಥವಾ ಗುಜರಿಯವನ ಗಾಡಿಯನ್ನು ಏರುತ್ತಿದ್ದರೆ, ಅದೂ ಒಂದು ಸಣ್ಣ ನಾಂತ್ ಅಲ್ಲವೇ? ಬೆಂಕಿಯ ಸದ್ದಿಲ್ಲದಿರುವುದರಿಂದ ಅದು ಸುದ್ದಿಯಾಗುವುದಿಲ್ಲ, ಅಷ್ಟೇ.

ಇಲ್ಲಿ ಬೇಕಾಗಿರುವ ವೆಚ್ಚ ಅತ್ಯಲ್ಪ. ಐದು ಸಪ್ತಕಗಳ ಹಾರ್ಮೋನಿಯಮ್ಮಿನಲ್ಲಿ 61 ಕರಿ ಬಿಳಿ ಮನೆಗಳು. ಒಂದೊಂದಕ್ಕೆ 15 ಸೆಕೆಂಡಿನಂತೆ ಒಂದು ಸ್ಟಾಪಿಗೆ ಸುಮಾರು 15 ನಿಮಿಷ, ನಾಲ್ಕು ಸ್ಟಾಪುಗಳಿಗೆ ಒಂದು ಗಂಟೆ. ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರಲ್ಲಿ ಈ ವಿದ್ಯೆ ಬಲ್ಲವರಿಗೆ ಕೊರತೆಯಿಲ್ಲ. ರಾತ್ರಿಯ ನಿಶ್ಶಬ್ದದಲ್ಲಿ, ಫ್ಯಾನುಗಳನ್ನು ನಿಲ್ಲಿಸಿ, ಒಳ್ಳೆಯ ಮೈಕೊಂದರಿಂದ ಪ್ರತಿ ಸ್ವರವನ್ನೂ ಅದು ಅಡಗುವವರೆಗೆ ಮುದ್ರಿಸಲಿ. ಕಡತವನ್ನು ಚಿಕ್ಕದಾಗಿಸಲು ಧ್ವನಿಯನ್ನು ಹಿಂಡದೆ ಪೂರ್ಣರೂಪದಲ್ಲಿಯೇ ಇಡಲಿ. ವಾದ್ಯದ ಮೇಲಿನ ತಯಾರಕರ ಹೆಸರು, ಅದನ್ನು ದಾನವಿತ್ತವರ ವಿವರ, ಬಂದ ವರ್ಷ ಇವು ದೇವಾಲಯದ ದಾಖಲೆಗಳಲ್ಲಿ ಇದ್ದರೆ ಬರೆದಿಡಲಿ. ಪ್ರತಿಗಳು ಒಂದೇ ಕಡೆ ಇರದೆ ಮೂರು ಕಡೆ ಇರಲಿ. ಕೆಲವು ವರ್ಷಗಳಿಗೊಮ್ಮೆ ಅವನ್ನು ತೆರೆದು ಪರೀಕ್ಷಿಸುವ ಹೊಣೆಯನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಲಿ. ಆ ವಾದ್ಯವನ್ನು ನುಡಿಸಿದ ಹಿರಿಯರು ಇನ್ನೂ ಇದ್ದರೆ ಅವರ ಕೈಯಿಂದಲೇ ಹಳೆಯ ಗೀತೆಗಳನ್ನು ನುಡಿಸಿಸಿ ಮುದ್ರಿಸಲಿ. ಏಕೆಂದರೆ ತಿದಿಯನ್ನು ಎಲ್ಲಿ ಹಗುರಗೊಳಿಸಬೇಕು, ಗಾಯಕರಿಗೆ ಎಲ್ಲಿ ಉಸಿರು ಬಿಡಬೇಕು ಎಂಬುದು ರೀಡಿನಲ್ಲಿಲ್ಲ, ಅವರ ಕಾಲಿನಲ್ಲಿಯೂ ಬೆರಳಿನಲ್ಲಿಯೂ ಇದೆ.

ಇಷ್ಟಾದ ಮೇಲೆ ವಾದ್ಯವನ್ನು ಹೊರಗೆಸೆಯಲು ಪರವಾನಗಿ ಸಿಕ್ಕಿತೆಂದು ಯಾರೂ ತಿಳಿಯಬಾರದು. ಮೊದಲು ದುರಸ್ತಿಯಾಗಬೇಕು, ಆಗದಿದ್ದರೆ ಒಣಗಿದ ಎಡೆಯಲ್ಲಿ ಜೋಪಾನವಾಗಬೇಕು, ಈ ಎರಡರ ಜೊತೆಗೆ ಧ್ವನಿಯ ದಾಖಲೆಯೂ ಇರಬೇಕು. ಈ ಅನುಕ್ರಮವನ್ನು ತಲೆಕೆಳಗು ಮಾಡಿದರೆ ದಾಖಲೆಯು ಸಂರಕ್ಷಣೆಯಾಗದೆ ಮರಣ ಪ್ರಮಾಣಪತ್ರವಾದೀತು. ನೋತ್ರ್ ದಾಮಿನವರ ಬಳಿ ಅಳತೆಗಳೂ ಲೆಕ್ಕಗಳೂ ಕಂಪ್ಯೂಟರಿನ ಚಿತ್ರಗಳೂ ಇದ್ದವು. ಆದರೂ ಅವರು ಸುಮಾರು 8,000 ಕೊಳವೆಗಳನ್ನು ಶುಚಿಗೊಳಿಸಿ ಮತ್ತೆ ಅವುಗಳ ಸ್ಥಾನದಲ್ಲಿಯೇ ನಿಲ್ಲಿಸಿದರು. ತಂತ್ರಜ್ಞಾನವು ಎಲ್ಲಿ ನೆರವಾಗಬೇಕು, ಎಲ್ಲಿ ಪಕ್ಕಕ್ಕೆ ಸರಿದು ನಿಲ್ಲಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮವಾದ ಪಾಠ ಬೇಕಿಲ್ಲ.